ಕಾಪು ಸೀಮೆಯ ಇಗರ್ಜಿಗಳೂ ಅವುಗಳ ಬಾಂಧವ್ಯವೂ

ಕರಾವಳಿಯ ಕನ್ನಡದಲ್ಲಿ ಕ್ರೈಸ್ತರ ದೇವಾಲಯಕ್ಕೆ ಇಗರ್ಜಿಯೆಂದು ಹೆಸರು. ಈ ಶಬ್ದವು ಪೋರ್ತುಗೀಸರ ‘ಇಗ್ರೇಜ’ದಿಂದ ಕೊಂಕಣಿಗೂ, ಕೊಂಕಣಿಯಿಂದ ತುಳು ಕನ್ನಡಗಳಿಗೂ ಬಂದು ನೆಲಸಿತು. ಪೋರ್ತುಗೀಸ ಶಬ್ದವಾದರೋ ಲ್ಯಾಟಿನ್ ಭಾಷೆಯ ಮೂಲಕ ಗ್ರೀಕರ ‘ಎಕ್ಲೇಸಿಯ’ದಿಂದ ಹುಟ್ಟಿದುದು. ಗ್ರೀಕರಲ್ಲಿ ಆ ಪದಕ್ಕೆ ಕಲ್ಲು ಸುಣ್ಣಗಳ ಕಟ್ಟಡವೆಂಬ ಅರ್ಥವಿರಲಿಲ್ಲ. ಕರೆಯನ್ನು ಕೇಳಿ ಬಂದು ಒಂದೆಡೆ ನೆರೆದ ಜನರ ಸಭೆಯೆಂಬುದೇ ಅದರ ಅರ್ಥವಾಗಿತ್ತು. ಕಾಲಕ್ರಮದಲ್ಲಿ ಅರ್ಥವು ಜನರನ್ನು ಬಿಟ್ಟು ಗೋಡೆಗಳಿಗೆ ಅಂಟಿಕೊಂಡಿತು. ಶಬ್ದಗಳ ಬಾಳಿನಲ್ಲಿ ಇಂತಹ ಸ್ಥಾನಪಲ್ಲಟವು ಅಪೂರ್ವವೇನೂ ಅಲ್ಲ. ಆದರೆ ಕಾಪು, ಉಡುಪಿ, ಕಾರ್ಕಳಗಳ ಸೀಮೆಯಲ್ಲಿ ಕೆಥೋಲಿಕರು ಬಾಳಿಬಂದ ಬಗೆಯನ್ನು ವಿಚಾರಿಸಿದರೆ, ಆ ಹಳೆಯ ಗ್ರೀಕ್ ಅರ್ಥವೇ ಇಲ್ಲಿ ಎರಡು ಬಾರಿ ಮರಳಿ ಸಿದ್ಧವಾದಂತೆ ತೋರುತ್ತದೆ. ಒಮ್ಮೆ ಗೋಡೆಗಳೆಲ್ಲ ನೆಲಸಮವಾಗಿಯೂ ಸಭೆಯು ಉಳಿಯಿತು. ಇನ್ನೊಮ್ಮೆ ಗೋಡೆಗಳು ನೆಟ್ಟಗೆ ನಿಂತಿದ್ದಂತೆಯೇ ಸಭೆಯು ಒಡೆಯಿತು.

ಕಾಪುವೆಂದೊಡನೆ ಪ್ರಯಾಣಿಕರಿಗೆ ನೆನಪಾಗುವುದು 1901ರಲ್ಲಿ ಬಂಡೆಯ ಮೇಲೆ ಎದ್ದ ದೀಪಸ್ತಂಭ. ಊರವರಿಗೆ ಮಾರಿಯಮ್ಮನ ಗುಡಿಗಳೂ ಸುಗ್ಗಿಯ ಮಾರಿಪೂಜೆಯೂ. ಕಡಲ ಕರೆಯನ್ನು ಬಿಟ್ಟು ಮೂಡಣಕ್ಕೆ ಕೆಲವು ಮೈಲು ನಡೆದರೆ ಗುಡ್ಡ, ಬಯಲು, ತೋಟಗಳ ನಾಡು ತೆರೆದುಕೊಳ್ಳುತ್ತದೆ. ಶಿರ್ವ, ಮೂಡುಬೆಳ್ಳೆ, ಪಾಂಬೂರು, ಪೆರ್ನಾಲು, ಮಲ್ಲಿಗೆಗೆ ಹೆಸರಾದ ಶಂಕರಪುರದ ಬಳಿಯ ಪಾಂಗಾಳ ಮೊದಲಾದ ಊರುಗಳಲ್ಲಿ ಕೆಥೋಲಿಕರ ಒಕ್ಕಲುಗಳು ದಟ್ಟವಾಗಿವೆ. ಶಿರ್ವದ ಇಗರ್ಜಿಯು ಆರೋಗ್ಯಮಾತೆಗೆ, ಮೂಡುಬೆಳ್ಳೆಯದು ಸಂತ ಲಾರೆನ್ಸನಿಗೆ, ಪಾಂಗಾಳದ್ದು ಸುವಾರ್ತಿಕ ಯೋಹಾನನಿಗೆ ಸಮರ್ಪಿತವಾದುವು. ಈ ಜನರ ಮನೆಮಾತು ಕೊಂಕಣಿ. ಗದ್ದೆಯಲ್ಲಿ ಪೇಟೆಯಲ್ಲಿ ತುಳು. ಶಾಲೆಯಲ್ಲಿ ಕಚೇರಿಯಲ್ಲಿ ಕನ್ನಡ. 2012ರಲ್ಲಿ ಉಡುಪಿಯು ಪ್ರತ್ಯೇಕ ಧರ್ಮಪ್ರಾಂತವಾಗಿ, ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯು ಅದರ ಪ್ರಧಾನಾಲಯವಾಗುವ ತನಕ ಇವರೆಲ್ಲರೂ ಮಂಗಳೂರಿನ ಬಿಷಪರ ಅಧೀನದಲ್ಲಿದ್ದರು.

ಇವರ ಪೂರ್ವಿಕರು ಗೋವೆಯಿಂದ ಬಂದವರು. 1560ರಲ್ಲಿ ಅಲ್ಲಿ ಆರಂಭವಾದ ಧರ್ಮವಿಚಾರಣಾಸಭೆಯ ಭಯ, ಪೋರ್ತುಗೀಸರ ತೆರಿಗೆಗಳ ಭಾರ, ಕ್ಷಾಮ, 1683ರಲ್ಲಿಯೂ 1739ರಲ್ಲಿಯೂ ಒದಗಿದ ಮರಾಟರ ದಂಡಯಾತ್ರೆ, ಹೀಗೆ ಒಂದಲ್ಲ ಒಂದು ಕಾರಣದಿಂದ ಅಲೆಅಲೆಯಾಗಿ ದಕ್ಷಿಣಕ್ಕೆ ಇಳಿದರು. ಕೆಳದಿಯ ನಾಯಕರಿಗೆ ಹಡಿಲು ಬಿದ್ದ ನೆಲವನ್ನು ಹಸನುಮಾಡಬಲ್ಲ ಒಕ್ಕಲಿಗರು ಬೇಕಾಗಿದ್ದರು. ಬಂದವರಿಗೆ ನೆಲ ಬೇಕಾಗಿತ್ತು. 1678ರಲ್ಲಿ ಬಸಪ್ಪ ನಾಯಕನಿಗೂ ಪೋರ್ತುಗೀಸರಿಗೂ ಆದ ಕರಾರಿನಂತೆ ಕಲ್ಯಾಣಪುರ ಮೊದಲಾದ ಎಡೆಗಳಲ್ಲಿ ಇಗರ್ಜಿಗಳನ್ನು ಕಟ್ಟಿಕೊಳ್ಳಲು ಅಪ್ಪಣೆಯಾಯಿತು. ಕಲ್ಯಾಣಪುರದ ಮಿಲಾಗ್ರಿಸ್ ಇಗರ್ಜಿಯ ಆರಂಭವನ್ನು ಆ ವರ್ಷಕ್ಕೇ ಎಣಿಸುವ ರೂಢಿಯಿದೆ.

ಗೋವೆಯಲ್ಲಿ ಈ ಜನರು ‘ಗಾಂವ್ಕಾರಿ’ಯೆಂಬ ಗ್ರಾಮವ್ಯವಸ್ಥೆಯಲ್ಲಿ ಬಾಳಿದವರು. ಅಲ್ಲಿ ಊರ ಭೂಮಿಯು ಊರಿನ ಮೂಲ ಒಕ್ಕಲುಗಳಿಗೆ ಸಾಮೂಹಿಕವಾಗಿ ಸೇರಿದ್ದು, ಅದರ ಹುಟ್ಟುವಳಿಯಿಂದ ಕಟ್ಟೆ ಕಾಲುವೆಗಳ ದುರಸ್ತಿಯೂ ದೇವಾಲಯದ ವೆಚ್ಚವೂ ನಡೆಯುತ್ತಿದ್ದವು. ತುಳುನಾಡಿಗೆ ಬಂದಾಗ ಅವರು ಆ ಸಾಮೂಹಿಕ ಭೂಮಿಯನ್ನು ಕಳೆದುಕೊಂಡರು. ಇಲ್ಲಿ ಒಬ್ಬೊಬ್ಬನು ಒಬ್ಬೊಬ್ಬ ಧಣಿಯ ಬಳಿ ಮೂಲಗೇಣಿಗೋ ಚಾಲಗೇಣಿಗೋ ನಿಂತನು. ಭೂಮಿಯು ಕೂಡಿಸುತ್ತಿದ್ದವರನ್ನು ಇನ್ನು ಮುಂದೆ ಕೂಡಿಸಬಲ್ಲುದು ಇಗರ್ಜಿಯೊಂದೇ ಆಯಿತು. ಗಾಂವ್ಕಾರಿಯ ಸ್ಥಾನವನ್ನು ಇಲ್ಲಿ ಇಗರ್ಜಿಯ ಒಕ್ಕೂಟವು ತುಂಬಿತೆಂದು ಊಹಿಸಲು ಎಡೆಯುಂಟು.

ಆ ಒಕ್ಕೂಟದ ಕಟ್ಟು ಹೇಗಿತ್ತೆಂಬುದನ್ನು ತುಸು ವಿವರವಾಗಿ ನೋಡುವುದು ಒಳ್ಳೆಯದು. ಏಕೆಂದರೆ ಮುಂದಿನ ಕಥೆಯೆಲ್ಲವೂ ಅದರ ಮೇಲೆ ನಿಂತಿದೆ. ಒಂದು ಇಗರ್ಜಿಯ ಸೀಮೆಯು ಹಲವು ‘ವಾಡೊ’ಗಳಾಗಿ ಹಂಚಿರುವುದು. ಗುಡ್ಡದ ತಪ್ಪಲಲ್ಲಿಯೋ ಬಯಲಿನ ಅಂಚಿನಲ್ಲಿಯೋ ಇರುವ ಕೆಲವು ಮನೆಗಳ ಗುಂಪೇ ಒಂದು ವಾಡೊ. ಪ್ರತಿ ವಾಡೊಗೂ ಒಬ್ಬ ‘ಗುರ್ಕಾರ’. ಈ ಹೆಸರು ಗಮನಾರ್ಹವಾದುದು. ಪಾದ್ರಿ, ವಿಗಾರ, ಇಗರ್ಜಿ, ತೇರ್ಸ್, ಇವೆಲ್ಲ ಪೋರ್ತುಗೀಸಿನಿಂದಲೋ ಲ್ಯಾಟಿನಿನಿಂದಲೋ ಬಂದ ಶಬ್ದಗಳು. ಗುರ್ಕಾರನಾದರೋ ಈ ನೆಲದ ಗುರಿಕಾರನೇ. ಕರಾವಳಿಯ ಮೊಗವೀರರಲ್ಲಿಯೂ ಇತರ ಸಮಾಜಗಳಲ್ಲಿಯೂ ಕಟ್ಟುಕಟ್ಟಳೆಗಳನ್ನು ನೋಡಿಕೊಳ್ಳುವ ಹಿರಿಯನಿಗೆ ಗುರಿಕಾರನೆಂಬ ಹೆಸರು ಹಿಂದಿನಿಂದಲೂ ಸಲ್ಲುತ್ತದೆ. ಹೊರಗಿನಿಂದ ಬಂದ ಧರ್ಮವು ಪೂಜೆಯ ಶಬ್ದಗಳನ್ನು ತನ್ನೊಡನೆ ತಂದಿತು. ನೆರೆಹೊರೆಯನ್ನು ಆಳುವ ಶಬ್ದವನ್ನು ಮಾತ್ರ ನೆರೆಹೊರೆಯಿಂದಲೇ ಎತ್ತಿಕೊಂಡಿತು.

ಗುರ್ಕಾರನ ಕೆಲಸಗಳು ಅನೇಕ. ಇಗರ್ಜಿಯ ವಂತಿಗೆಯನ್ನು ಎತ್ತುವುದು, ವಿಗಾರರ ಮಾತನ್ನು ಮನೆಮನೆಗೆ ಮುಟ್ಟಿಸುವುದು, ಕಾಯಿಲೆ ಬಿದ್ದವನ ಸುದ್ದಿಯನ್ನು ಪಾದ್ರಿಗಳಿಗೆ ತಿಳಿಸಿ ಅವರನ್ನು ರಾತ್ರಿಯಾದರೂ ಸೂಡಿ ಹಿಡಿದು ಕರೆತರುವುದು, ಗದ್ದೆಯ ಹುಣಿಯ ವಿಷಯಕ್ಕೋ ಪಾಲಿನ ವಿಷಯಕ್ಕೋ ಹುಟ್ಟಿದ ಜಗಳವನ್ನು ಕಚೇರಿಗೆ ಹೋಗದಂತೆ ತಡೆದು ಜಗಲಿಯಲ್ಲಿಯೇ ತೀರಿಸುವುದು, ಇವೆಲ್ಲ ಅವನಿಗೆ ಸೇರಿದವು. ಮದುವೆಯ ಮಾತುಕತೆಗೆ ಅವನು ಬೇಕು. ಸಾವಿನ ಮನೆಗೆ ಮೊದಲು ಬರುವವನೂ ಅವನೇ. ಪಾದ್ರಿಗಳು ಕೆಲವು ವರ್ಷ ಇದ್ದು ಬೇರೆಡೆಗೆ ವರ್ಗವಾಗುವವರು. ಗುರ್ಕಾರನು ಹುಟ್ಟಿದ ವಾಡೊದಲ್ಲಿಯೇ ಸಾಯುವವನು. ಈ ಒಂದು ವ್ಯತ್ಯಾಸದಲ್ಲಿ ಬಹಳ ಅರ್ಥವಿದೆ.

ವಾಡೊದ ಬಾಂಧವ್ಯವು ಉಪದೇಶದಿಂದ ಬೆಳೆದುದಲ್ಲ, ಕೆಲಸದಿಂದ ಬೆಳೆದುದು. ಮದುವೆಗೆ ಮೊದಲಿನ ‘ರೋಸ್’ ದಿವಸ ಮದುಮಕ್ಕಳಿಗೆ ತೆಂಗಿನ ಹಾಲನ್ನು ಪೂಸಿ ಹರಸುವಾಗ ವೊವಿಯೊಗಳನ್ನು ಹಾಡುವವರು ವಾಡೊದ ಹೆಂಗಸರು. ಮಸಾಲೆ ಅರೆಯುವವರೂ ಅವರೇ. ಚಪ್ಪರ ಹಾಕುವವರು ವಾಡೊದ ಗಂಡಸರು. ಕೊಪ್ಪರಿಗೆ, ಚಾಪೆಗಳು ಹತ್ತು ಮನೆಗಳಿಂದ ಬಂದು ಹತ್ತು ಮನೆಗಳಿಗೆ ಮರಳುವವು. ಇಗರ್ಜಿಯ ಗಂಟೆಯು ಮರಣವನ್ನು ಸಾರಿದರೆ ನೇಜಿ ನೆಡುವ ಕೈಗಳು ನಿಂತು, ಯಾರ ಮನೆಯೆಂದು ವಿಚಾರಿಸಿ, ಅತ್ತ ನಡೆಯುವವು. ಸತ್ತವನು ಬಡವನಾದರೂ ಶವವನ್ನು ಹೊರಲು ಕೂಲಿಯಾಳನ್ನು ಹುಡುಕಬೇಕಾಗಿರಲಿಲ್ಲ. ಸಂಜೆಯ ಗಂಟೆಯಾದ ಮೇಲೆ ಮನೆಮನೆಯ ಒಳಗಿನ ಅಲ್ತಾರಿನ ಮುಂದೆ ತೇರ್ಸ್ ನಡೆಯುತ್ತಿತ್ತು. ಒಂದು ಮನೆಯ ಜಪವು ಇನ್ನೊಂದು ಮನೆಗೆ ಕೇಳಿಸುತ್ತಿತ್ತು. ತೇರ್ಸ್ ಮುಗಿದೊಡನೆ ಕಿರಿಯರು ಹಿರಿಯರ ಆಶೀರ್ವಾದ ಬೇಡುವರು. ಈ ಜಪಕ್ಕೆ ಪಾದ್ರಿಗಳ ಅಗತ್ಯವಿರಲಿಲ್ಲ ಎಂಬ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ಈ ಬಾಂಧವ್ಯಕ್ಕೆ ಕಲೆಯೇ ಇರಲಿಲ್ಲವೆಂದು ಬರೆದರೆ ಅದು ಇತಿಹಾಸವಾಗದು. ಗೋವೆಯಲ್ಲಿ ಮತಾಂತರ ಹೊಂದಿದವರು ಜಾತಿಯನ್ನು ಅಲ್ಲಿಯೇ ಬಿಟ್ಟುಬರಲಿಲ್ಲ. ಬಾಮಣ, ಚಾರೊಡಿ, ಸುದಿರ, ಗಾವ್ಡಿಯೆಂಬ ಭೇದಗಳು ಅವರೊಡನೆ ಕಾನರೆಗೂ ಬಂದವು. ಇಲ್ಲಿಯ ಜೈನ ಮೂಲದಿಂದ ಸೇರಿದವರು ಪಡ್ವಾಳರೆನಿಸಿದರು. ಒಂದೇ ಪೀಠದ ಮುಂದೆ ಒಂದೇ ಪ್ರಸಾದವನ್ನು ಕೊಂಡವರು ಹೆಣ್ಣು ಕೊಟ್ಟು ತರುವಾಗ ಮಾತ್ರ ಬೇರೆ ಬೇರೆಯಾದರು. ಹಬ್ಬದ ಮರ್ಯಾದೆ ಯಾರಿಗೆ ಸಲ್ಲಬೇಕೆಂಬುದಕ್ಕೆ ಮನಸ್ತಾಪಗಳೂ ನಡೆದವು. ವಿದ್ಯೆಯೂ ಪರಸ್ಥಳದ ಉದ್ಯೋಗವೂ ಈ ಭೇದವನ್ನು ಇಪ್ಪತ್ತನೆಯ ಶತಮಾನದಲ್ಲಿ ಬಹಳ ಮಟ್ಟಿಗೆ ಸವೆಸಿದವು; ಇಗರ್ಜಿಯ ಬೋಧನೆಯು ತಾನಾಗಿ ಅದನ್ನು ಅಳಿಸಿತೆಂದು ಹೇಳಲಾಗದು. ಕೆಥೋಲಿಕರ ಬಾಂಧವ್ಯವನ್ನು ಕೊಂಡಾಡುವ ಬರಹಗಳು ಈ ಸಂಗತಿಯನ್ನು ಮೆಲ್ಲನೆ ದಾಟಿ ಹೋಗುವುದು ಸರಿಯಲ್ಲ.

ಇನ್ನು ಮೊದಲನೆಯ ಪರೀಕ್ಷೆಯ ಮಾತು. ಎರಡನೆಯ ಮೈಸೂರು ಯುದ್ಧದಲ್ಲಿ, 1783ರಲ್ಲಿ, ಇಂಗ್ಲಿಷರ ಸೇನಾಪತಿಯಾದ ಮ್ಯಾಥ್ಯೂಸನು ಬಿದನೂರನ್ನೂ ಕರಾವಳಿಯನ್ನೂ ಹಿಡಿದನು. ಕಾನರೆಯ ಕ್ರೈಸ್ತರು ಅವನಿಗೆ ನೆರವಾದರೆಂಬ ಆಪಾದನೆಯು ಹುಟ್ಟಿತು. ಮಂಗಳೂರಿನ ಕೋಟೆಯು 1784ರ ಜನವರಿಯಲ್ಲಿ ಟಿಪ್ಪೂ ಸುಲ್ತಾನನ ಕೈಸೇರಿದ ಮೇಲೆ, ಅದೇ ವರ್ಷದ ಫೆಬ್ರವರಿಯಲ್ಲಿ, ತಪಸ್ಸುಕಾಲದ ಮೊದಲ ದಿನವಾದ ವಿಭೂತಿಯ ಬುಧವಾರ, ಕ್ರೈಸ್ತರನ್ನು ಸೆರೆಹಿಡಿಯುವ ಕಾರ್ಯವು ಜರುಗಿತೆಂದು ಪರಂಪರೆಯು ಹೇಳುತ್ತದೆ. ಸೆರೆಯಾದವರ ಸಂಖ್ಯೆಯನ್ನು ಮೂವತ್ತು ಸಾವಿರದಿಂದ ಎಂಬತ್ತು ಸಾವಿರದವರೆಗೂ ಬೇರೆ ಬೇರೆ ಲೇಖಕರು ಬೇರೆ ಬೇರೆಯಾಗಿ ಎಣಿಸಿದ್ದಾರೆ. ಅವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ದಾರಿಯಲ್ಲಿಯೇ ಅಳಿದವರು ಅನೇಕರು. ಉಳಿದವರಲ್ಲಿ ತರುಣರು ಬಲಾತ್ಕಾರದಿಂದ ಮತಾಂತರಗೊಂಡು ಸೈನ್ಯದ ದಳಗಳಿಗೆ ಸೇರಿಸಲ್ಪಟ್ಟರು. ಪಾದ್ರಿಗಳನ್ನು ಜನರಿಂದ ಬೇರ್ಪಡಿಸಲಾಯಿತು. ಭೂಮಿಗಳು ಇತರರಿಗೆ ಸಂದವು. ಇಗರ್ಜಿಗಳು ಕೆಡವಲ್ಪಟ್ಟವು. ರಾಜನೀತಿಯ ಸಂದೇಹವು ಒಂದು ಇಡೀ ಜನಾಂಗದ ಮೇಲೆ, ಮಡಿಲ ಕೂಸಿನ ಮೇಲೆಯೂ, ಹೀಗೆ ಎರಗಿದುದನ್ನು ಯಾವ ಯುದ್ಧದ ನ್ಯಾಯವೂ ಸಮರ್ಥಿಸಲಾರದು.

ಹದಿನೈದು ವರ್ಷಗಳು ಕಳೆದವು. ಇಷ್ಟು ಕಾಲದಲ್ಲಿ ಹುಟ್ಟಿದ ಮಗುವು ಮೀಸೆ ಮೂಡುವ ಪ್ರಾಯಕ್ಕೆ ಬರುತ್ತದೆ. ಇಗರ್ಜಿಯೆಂದರೇನೆಂದು ಅದು ಕಂಡಿರದು. ನಡುವೆ ತಪ್ಪಿಸಿಕೊಂಡು ಹೋದವರೂ ಉಂಟು. ಕೆಲವರು ಮಲೆಯಾಳ ಸೀಮೆಗೆ ಓಡಿದರು. ಕೆಲವರು ಕೊಡಗಿಗೆ ಹೋಗಲು, ದೊಡ್ಡ ವೀರರಾಜೇಂದ್ರನು ಅವರಿಗೆ ಆಶ್ರಯವಿತ್ತು, 1792ರಲ್ಲಿ ತಾನು ಕಟ್ಟಿಸಿದ ವಿರಾಜಪೇಟೆಯಲ್ಲಿ ನೆಲೆಗೊಳಿಸಿದನು. ಅಲ್ಲಿಯ ಸಂತ ಅನ್ನಮ್ಮನ ಇಗರ್ಜಿಯ ಹುಟ್ಟು ಆಗಿನದೇ. ಎಲ್ಲವನ್ನೂ ಕಳೆದುಕೊಂಡು ಪರಸೀಮೆಗೆ ಬಂದ ಕೆಲವು ಒಕ್ಕಲುಗಳು ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಒಕ್ಕೂಟವನ್ನು ಮರಳಿ ಕಟ್ಟಿಕೊಂಡುದೆಂಬುದು ಗಮನಾರ್ಹ.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಅಳಿದುಳಿದವರನ್ನು ಒಗ್ಗೂಡಿಸಲು ಫ್ರೆಂಚ್ ಪಾದ್ರಿಯಾದ ಅಬ್ಬೆ ದುಬೋಯಿಯು ಅಲ್ಲಿಗೆ ಬಂದನು. ಕೆಲವರು ಮೈಸೂರು ಸೀಮೆಯಲ್ಲಿಯೇ ನಿಂತರು, ಬಹುಮಂದಿ ಘಟ್ಟವಿಳಿದರು. ಆ ಮರಳುವಿಕೆಯ ಕಾಲಕ್ಕೆ ಸರಿಯಾಗಿ, 1801ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಕಂಪೆನಿ ಸರಕಾರದ ಅಪ್ಪಣೆಯಂತೆ ಈ ನಾಡಿನ ಕೃಷಿ, ಜನ, ವಾಣಿಜ್ಯಗಳನ್ನು ಪರಿಶೀಲಿಸುತ್ತ ಮೂಡಬಿದ್ರೆ, ಕಾರ್ಕಳ, ಉಡುಪಿಗಳ ಮಾರ್ಗವಾಗಿ ಹಾದುಹೋದನು. ಹಿಂದೆ ತುಳುವದಲ್ಲಿ ವಿಗಾರರುಳ್ಳ ಇಪ್ಪತ್ತೇಳು ಇಗರ್ಜಿಗಳಿದ್ದುವೆಂದೂ, ಹದಿನೈದು ಸಾವಿರ ಜನರು ಆಗಲೇ ಮರಳಿದ್ದರೆಂದೂ, ಮಲೆಯಾಳಕ್ಕೆ ಓಡಿದ್ದ ಹತ್ತು ಸಾವಿರ ಮಂದಿ ತಮ್ಮ ಬಡತನವು ಅನುಮತಿಸಿದ ಹಾಗೆಲ್ಲ ಹಿಂತಿರುಗುತ್ತಿದ್ದರೆಂದೂ ಅವನು ಬರೆದಿಟ್ಟಿದ್ದಾನೆ. ಅವರು ಕಳೆದುಕೊಂಡ ಭೂಮಿಯನ್ನು ಪರರಿಂದ ಬಿಡಿಸಿಕೊಡುವುದು ಕಷ್ಟವೆಂದೂ, ಬಡತನದ ನಿಮಿತ್ತ ಒಂದು ಇಗರ್ಜಿಯನ್ನೂ ಇನ್ನೂ ಕಟ್ಟಲಾಗಿಲ್ಲವೆಂದೂ ಸೇರಿಸಿದ್ದಾನೆ. ಇವರ ದುಡಿಮೆಯ ಗುಣವನ್ನು ಇವರಿಗಿಂತಲೂ ನೆರೆಯ ಹಿಂದುಗಳೇ ಹೆಚ್ಚಾಗಿ ಒಪ್ಪಿಕೊಳ್ಳುತ್ತಾರೆಂಬ ಅವನ ಮಾತು ನೆನಪಿಡತಕ್ಕದ್ದು.

ಬುಕಾನನನ ಈ ಕೆಲವು ಸಾಲುಗಳಲ್ಲಿ ಒಂದು ವಿಷಯವು ಎದ್ದು ಕಾಣುತ್ತದೆ. ಅವನು ಬಂದಾಗ ಪಾದ್ರಿಗಳು ತಮ್ಮ ತಮ್ಮ ಜನರೊಡನೆ ಕಾರ್ಯಮಗ್ನರಾಗಿದ್ದರು. ಬಲಾತ್ಕಾರದಿಂದ ಮತ ಬದಲಿಸಿದವರನ್ನು ಸಭೆಯು ಮರಳಿ ಸೇರಿಸಿಕೊಳ್ಳುತ್ತಿತ್ತು. ಕಟ್ಟಡ ಒಂದೂ ಇಲ್ಲ. ಸಭೆ ಮಾತ್ರ ಇದೆ. ಎಲ್ಲಿಂದ ಬಂದಿತು ಈ ಸಭೆ? ಹದಿನೈದು ವರ್ಷ ಸೆರೆಯಲ್ಲಿದ್ದವನಿಗೆ ತಾನು ಇಂತಹ ಇಗರ್ಜಿಯವನು, ಇಂತಹ ವಾಡೊದವನು ಎಂಬ ನೆನಪು ಉಳಿದಿರಬೇಕು. ಇಲ್ಲವಾದರೆ ನೆಲವನ್ನೂ ಮನೆಯನ್ನೂ ಕಳೆದುಕೊಂಡವನು ಘಟ್ಟವಿಳಿದು ಅದೇ ಊರನ್ನು ಹುಡುಕಿಕೊಂಡು ಬರುವುದಕ್ಕೆ ಕಾರಣವೇ ಇಲ್ಲ. ಮರಳಿದವರನ್ನು ಸೇರಿಸಿಕೊಂಡ ಬಗೆಯೂ ಅಲ್ಪವಾದುದಲ್ಲ. ಓಡಿ ಉಳಿದವನು ಸೆರೆಯಲ್ಲಿ ಸೋತವನನ್ನು ಹಳಿಯಬಹುದಾಗಿತ್ತು, ಮತಭ್ರಷ್ಟನೆಂದು ದೂರವಿಡಬಹುದಾಗಿತ್ತು. ಬೇರೆ ದೇಶಗಳ ಕ್ರೈಸ್ತರಲ್ಲಿ ಇಂತಹ ಸಂದರ್ಭಗಳಲ್ಲಿ ಹಾಗೆಯೇ ನಡೆದುದುಂಟು. ನಾಲ್ಕನೆಯ ಶತಮಾನದಲ್ಲಿ, ರೋಮನ್ ಚಕ್ರವರ್ತಿಗಳ ಹಿಂಸೆಯು ನಿಂತ ಮೇಲೆ, ಅಳುಕಿದವರನ್ನು ಮರಳಿ ಸೇರಿಸಬಹುದೇ ಎಂಬ ಜಗಳದಲ್ಲಿ ಉತ್ತರ ಆಫ್ರಿಕದ ಸಭೆಯು ಎರಡಾಗಿ ಸೀಳಿ, ನೂರಾರು ವರ್ಷ ಕೂಡಲಿಲ್ಲ. ತುಳುವದಲ್ಲಿ ಆ ಸೀಳು ಬೀಳಲಿಲ್ಲ. ಇದಕ್ಕಿಂತ ಹೆಚ್ಚಾಗಿ ಬಾಂಧವ್ಯದ ಬೆಲೆಯನ್ನು ತೋರಿಸುವ ಸಾಕ್ಷ್ಯವು ಈ ಜನರ ಇತಿಹಾಸದಲ್ಲಿ ಮತ್ತೊಂದಿಲ್ಲ.

ಮರಳಿ ಕಟ್ಟುವ ಕಾರ್ಯದಲ್ಲಿ ಕಾರ್ಕಳದ ಬಳಿಯ ಅತ್ತೂರಿನ ಕಥೆಯು ಪ್ರಸಿದ್ಧವಾದುದು. 1759ರಲ್ಲಿ ಸ್ಥಾಪಿತವಾದ ಅಲ್ಲಿಯ ಸಂತ ಲಾರೆನ್ಸನ ಇಗರ್ಜಿಯೂ ಸೆರೆಯ ಕಾಲದಲ್ಲಿ ಅಳಿಯಿತು. ಮರಳಿದವರು ಸಂತನ ಪ್ರತಿಮೆಯನ್ನು ಹೊತ್ತು ಸ್ಥಳವನ್ನು ಅರಸುತ್ತ ಬಂದು, ದಣಿದು ಒಂದೆಡೆ ಇಳಿಸಲು, ಮತ್ತೆ ಅದು ಎತ್ತಿದರೂ ಏಳದೆ ಹೋಯಿತೆಂದೂ, ಅಲ್ಲಿಯೇ ಇಗರ್ಜಿಯನ್ನು ಕಟ್ಟಿದರೆಂದೂ ಜನರು ಹೇಳುವರು. ಐತಿಹ್ಯವನ್ನು ಐತಿಹ್ಯವೆಂದೇ ಕೊಂಡರೂ, ಹೊತ್ತು ತಿರುಗಿದ ಆ ದಣಿವು ಕಲ್ಪಿತವಾದುದಲ್ಲ. 2016ರಲ್ಲಿ ಬಸಿಲಿಕದ ಪದವಿ ಪಡೆದ ಈ ಕ್ಷೇತ್ರದ ಜನವರಿಯ ಸಾಂತ್‌ಮಾರಿಗೆ ಮೊಂಬತ್ತಿ ಹರಕೆಗಳನ್ನು ಹಿಡಿದು ಬರುವ ಹಿಂದುಗಳೂ ಮುಸಲ್ಮಾನರೂ ಬಹಳ ಮಂದಿ.

ಹತ್ತೊಂಬತ್ತನೆಯ ಶತಮಾನದಲ್ಲಿ ಮುಳಿಹುಲ್ಲಿನ ಮಾಡುಗಳು ಹೋಗಿ ಹಂಚಿನ ಮಾಡುಗಳು ಬಂದವು; ಕಲ್ಲಿನ ಗೋಡೆಗಳೂ ಗೋಪುರಗಳೂ ಎದ್ದವು. ಅಷ್ಟರಲ್ಲಿ ಎರಡನೆಯ ಪರೀಕ್ಷೆಯು ಸಿದ್ಧವಾಗಿತ್ತು. ಈ ಬಾರಿ ಶತ್ರುವೆಂಬವನು ಯಾರೂ ಇರಲಿಲ್ಲ.

ಪೂರ್ವದೇಶಗಳ ಇಗರ್ಜಿಗಳ ಮೇಲಣ ಆಡಳಿತವನ್ನು ರೋಮಿನ ಪೋಪರು ಪೋರ್ತುಗಾಲಿನ ರಾಜರಿಗೆ ಹಿಂದೆ ವಹಿಸಿಕೊಟ್ಟಿದ್ದರು. ಇದಕ್ಕೆ ಪಾದ್ರುವಾದೊ ಎಂದು ಹೆಸರು. ಪೋರ್ತುಗಾಲಿನ ಬಲವು ಕುಂದಿದ ಮೇಲೆ ರೋಮಿನ ಧರ್ಮಪ್ರಸಾರಸಭೆಯೇ, ಎಂದರೆ ಪ್ರೊಪಗಾಂಡವೇ, ನೇರವಾಗಿ ಕೈಹಾಕಿತು. 1838ರ ಶಾಸನದಿಂದ ಕಾನರೆಯು ಗೋವೆಯ ಆರ್ಚ್‌ಬಿಷಪರಿಂದ ತಪ್ಪಿ ವರಾಪುಳದ ಅಧೀನಕ್ಕೆ ಬಂದಿತು. 1845ರಲ್ಲಿ ಮಂಗಳೂರು ಪ್ರತ್ಯೇಕ ಪ್ರಾಂತವಾಯಿತು. ಆದರೆ ಹಲವು ಇಗರ್ಜಿಗಳ ಜನರು ಗೋವೆಯನ್ನು ಬಿಡಲೊಲ್ಲದೆ ನಿಂತರು. ಹೀಗೆ ಒಂದೇ ನಾಡಿನಲ್ಲಿ ಎರಡು ಅಧಿಕಾರಗಳು ಬಹುಕಾಲ ನಡೆದವು. 1878ರ ಡಿಸೆಂಬರ 31ರಂದು ಇತಾಲಿಯ ಯೇಸುಸಭೆಯವರು ಮಂಗಳೂರಿಗೆ ಬಂದಿಳಿದರು. ಇವರು ವಿದ್ಯಾವಂತರು, ಜನರ ನುಡಿಯನ್ನು ಕಲಿಯಲು ಶ್ರಮಪಟ್ಟವರು. ಅವರಲ್ಲಿ ಒಬ್ಬರಾದ ಮಾಫೆಯಿ ಪಾದ್ರಿಗಳು 1882ರಲ್ಲಿ ಕೊಂಕಣಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಪ್ರಕಟಿಸಿದರು. ಆದರೂ ಅವರು ಪರಕೀಯರು. ಗೋವೆಯ ಪಾದ್ರಿಗಳಾದರೋ ತಮ್ಮ ನುಡಿಯವರು, ತಮ್ಮ ನೆಂಟರಂತೆ ಇದ್ದವರು.

1886ರಲ್ಲಿ ಪೋಪರಿಗೂ ಪೋರ್ತುಗಾಲಿಗೂ ಒಪ್ಪಂದವಾಯಿತು. ಅದರಂತೆ ಕಲ್ಯಾಣಪುರವೇ ಮೊದಲಾದ ಪಾದ್ರುವಾದೊ ಇಗರ್ಜಿಗಳು ಮಂಗಳೂರಿನ ಬಿಷಪರಿಗೆ ಸಂದವು. ರೋಮಿಗೂ ಲಿಸ್ಬನಿಗೂ ಇದು ನ್ಯಾಯವಾದ ವ್ಯವಸ್ಥೆಯಾಗಿ ಕಂಡಿತು. ಕಲ್ಯಾಣಪುರ, ಬ್ರಹ್ಮಾವರಗಳ ಒಕ್ಕಲುಗಳ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಅವರಲ್ಲಿ ಒಂದು ಪಂಗಡವು ಮುನಿದು ಹೊರಬಂದಿತು. ಅವರಿಗೆ ನಾಯಕರಾಗಿ ಒದಗಿದವರು ಗೋವೆಯ ವೆರ್ಣದ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ ಆಲ್ವಾರಿಸ್ ಪಾದ್ರಿಗಳು. 1889ರಲ್ಲಿ ಆಲ್ವಾರಿಸರು ಕೋಟ್ಟಯದಲ್ಲಿ ಮಲಂಕರ ಸಿರಿಯನ್ ಸಭೆಯ ಬಿಷಪರಿಂದ ದೀಕ್ಷೆ ಪಡೆದು ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಬಿಷಪರಾದರು. ಅವರ ಸಹಚರರಾದ ರೋಕ್ ಜೆಫೆರಿನ್ ನೊರೊನ್ಹ ಪಾದ್ರಿಗಳು ಬ್ರಹ್ಮಾವರದಲ್ಲಿ ನಿಂತು, 1936ರಲ್ಲಿ ತೀರಿಕೊಳ್ಳುವ ತನಕ ಆ ಜನರನ್ನು ಸಾಕಿ ಸಲಹಿದರು. ಮಾರ್ ಜೂಲಿಯಸರು 1923ರಲ್ಲಿ ಗೋವೆಯಲ್ಲಿ ಕಾಲವಾದರು. ಅವರು ಕಟ್ಟಿದ ಸಭೆಯು ಬ್ರಹ್ಮಾವರದಲ್ಲಿ ಇಂದಿಗೂ ಬಾಳುತ್ತಿದ್ದು, 2010ರಲ್ಲಿ ಮಲಂಕರ ಆರ್ಥೊಡಾಕ್ಸ್ ಸಭೆಯ ಪ್ರತ್ಯೇಕ ಧರ್ಮಪ್ರಾಂತವಾಯಿತು.

ಈ ಒಡಕಿನಲ್ಲಿ ಸಿದ್ಧಾಂತದ ಭೇದವು ಮೊದಲಿಗೆ ಏನೂ ಇರಲಿಲ್ಲ. ಅದೇ ಜಪ, ಅದೇ ಹಾಡು, ಅದೇ ಕೊಂಕಣಿ, ಅವೇ ಕುಲನಾಮಗಳು. ಒಂದೇ ಮನೆತನದ ಕವಲುಗಳು ಬೇರೆ ಬೇರೆ ಇಗರ್ಜಿಗಳಿಗೆ ನಡೆದವು. ಸೆರೆಯಲ್ಲಿ ಬಿಡಿಸಲಾಗದ ಗಂಟು ಒಂದು ಕಾಗದದಿಂದ ಬಿಚ್ಚಿಹೋಯಿತು. ಹೊರಗಿನ ಹಿಂಸೆಯನ್ನು ತಾಳಿಕೊಂಡ ಬಾಂಧವ್ಯವು, ತನ್ನನ್ನು ಲೆಕ್ಕಕ್ಕೆ ಹಿಡಿಯದೆ ತನ್ನ ವಿಷಯವನ್ನು ತೀರ್ಮಾನಿಸಿದರೆಂಬ ನೋವನ್ನು ತಾಳಲಾರದೆ ಹೋಯಿತು. ಆಡಳಿತದ ಐಕ್ಯಕ್ಕಾಗಿ ಮಾಡಿದ ಒಪ್ಪಂದವು ಊರಿನ ಐಕ್ಯವನ್ನು ಮುರಿದುದು ವಿಷಾದಕರವಾದ ವೈಪರೀತ್ಯ. ಆದರೆ ತಪ್ಪೆಲ್ಲವೂ ಮೇಲಿನವರದೆಂದು ಹೇಳಿಬಿಡುವುದೂ ಸುಲಭದ ಮಾತಾಯಿತು. ಹಟವು ಎರಡು ಕಡೆಗಳಲ್ಲಿಯೂ ಇದ್ದಿತು.

ಇಂತಹ ಅನುಭವಗಳ ಹಿನ್ನೆಲೆಯಲ್ಲಿ ನೋಡಿದರೆ ‘ಕೊಂಪ್ರಿ’ಯೆಂಬ ಆಚರಣೆಗೆ ಹೊಸ ಅರ್ಥವು ಬರುತ್ತದೆ. ಈ ಸೀಮೆಯ ಇಗರ್ಜಿಗಳಲ್ಲಿ ವಾರ್ಷಿಕ ಹಬ್ಬಕ್ಕೆ ಮುಂಚಿನ ಭಾನುವಾರವನ್ನು ಬಾಂಧವ್ಯದ ದಿನವಾಗಿ ಆಚರಿಸುವರು. ಕೊಂಪ್ರಿಯು ಪೋರ್ತುಗೀಸರ ‘ಕೊನ್‌ಫ್ರಾರಿಯ’ದ ರೂಪ, ಸೋದರರ ಕೂಟವೆಂದು ಅರ್ಥ. ಅಂದು ಪರಮಪ್ರಸಾದವನ್ನು ಹೊತ್ತು ಜನರು ಇಗರ್ಜಿಯ ಅಂಗಳವನ್ನು ಬಿಟ್ಟು ಊರ ರಸ್ತೆಗಳಲ್ಲಿ ಮೆರವಣಿಗೆಯಾಗಿ ನಡೆಯುವರು. ತೋರಣಗಳು, ಹೂವುಗಳು, ಹಾಡುಗಳು. ಸೋದರರ ಕೂಟಕ್ಕೆಂದು ವರ್ಷದಲ್ಲಿ ಒಂದು ದಿನವನ್ನೇ ಮೀಸಲಿಟ್ಟವರು, ಆ ಕೂಟವು ತಾನಾಗಿಯೇ ಉಳಿಯತಕ್ಕದ್ದಲ್ಲವೆಂಬುದನ್ನು ಬಲ್ಲವರೇ ಇರಬೇಕು.

ಇಪ್ಪತ್ತನೆಯ ಶತಮಾನವು ಇನ್ನೊಂದು ಬಗೆಯ ಚದುರುವಿಕೆಯನ್ನು ತಂದಿತು. ಗೇಣಿಯ ಭಾರದಿಂದ ನಲುಗಿದ ಮನೆಗಳ ಮಕ್ಕಳು ಮುಂಬಯಿಗೂ ಬೆಂಗಳೂರಿಗೂ ಹೋದರು. ಸಾಲಗಾರರ ಕೈಗೆ ಬಡವರು ಬೀಳದಂತೆ ತಡೆಯಲು 1912ರಲ್ಲಿ ಮಂಗಳೂರಿನಲ್ಲಿ ಕೆಥೋಲಿಕರ ಸಹಕಾರ ಸಂಘವು ಹುಟ್ಟಿತು. 1938ರಲ್ಲಿ ‘ರಾಕ್ಣೊ’ ಎಂಬ ಕೊಂಕಣಿ ಪತ್ರಿಕೆಯು ಕನ್ನಡ ಲಿಪಿಯಲ್ಲಿ ಹೊರಟಿತು. 1974ರಲ್ಲಿ ಜಾರಿಗೆ ಬ೦ದ ಭೂಸುಧಾರಣೆಯ ಕಾನೂನಿನಿಂದ ಗೇಣಿದಾರರು ನೆಲದ ಒಡೆಯರಾದರು. ಉತ್ತಾಗಿ ಬಾಳಲು ನೆಲವು ದೊರಕಿದ ಕಾಲಕ್ಕೆ ಸರಿಯಾಗಿ ಕೊಲ್ಲಿಯ ದೇಶಗಳು ಕೈಬೀಸಿ ಕರೆದವು. ಕುವೈತು, ಬಹರೈನು, ದುಬಾಯಿಗಳ ಹಣದಿಂದ ಮಣ್ಣಿನ ಗೋಡೆಗಳು ಹೋಗಿ ತಾರಸಿಯ ಮನೆಗಳು ಎದ್ದವು. ಆ ಮನೆಗಳಲ್ಲಿ ಹಲವೆಡೆ ಈಗ ಇರುವವರು ಇಬ್ಬರೇ ಮುದುಕರು. ಕೆಲವೆಡೆ ಬಾಗಿಲಿಗೆ ಬೀಗ. ನೆರೆಮನೆಯ ತೇರ್ಸಿನ ದನಿಯು ಕೇಳಿಸದಷ್ಟು ಗೋಡೆಗಳು ದಪ್ಪವಾದವು.

ವಾಡೊದ ಬಾಂಧವ್ಯವು ಇದನ್ನು ಹೇಗೆ ಎದುರಿಸಿತೆಂಬುದು ಇನ್ನೂ ಮುಗಿಯದ ಕಥೆ. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆಯು ಲ್ಯಾಟಿನಿನಿಂದ ಜನರ ನುಡಿಗೆ ಇಳಿಯಿತು. ಆಡಳಿತದಲ್ಲಿ ಜನರ ಪಾಲಿಗಾಗಿ ಪಾಲನಾ ಪರಿಷತ್ತುಗಳು ಬಂದವು. ವಾಡೊಗಳೊಳಗೆ ಕೆಲವೇ ಮನೆಗಳ ಕಿರು ಕ್ರೈಸ್ತ ಸಮುದಾಯಗಳನ್ನು ಏರ್ಪಡಿಸಿ, ಸರದಿಯಂತೆ ಒಂದೊಂದು ಮನೆಯಲ್ಲಿ ಕೂಡಿ ಸುವಾರ್ತೆಯನ್ನು ಓದುವ ಪದ್ಧತಿಯು ನಡೆಯಿತು. ಇದನ್ನು ಹೊಸದೆಂದು ಸಾರಿದವರುಂಟು. ಕಾಪು ಸೀಮೆಯ ಹಿರಿಯರಿಗೆ ಅದು ಗುರ್ಕಾರನ ಜಗಲಿಗೆ ಇಟ್ಟ ಇನ್ನೊಂದು ಹೆಸರಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಹೊಸದಾದುದು ಒಂದುಂಟು: ಹೆಂಗಸರೂ ಕಿರಿಯರೂ ಅಲ್ಲಿ ಮಾತನಾಡುತ್ತಾರೆ. 2020ರ ಮಾರ್ಚಿಯಲ್ಲಿ ಸಾಂಕ್ರಾಮಿಕದ ದೆಸೆಯಿಂದ ದೇಶದ ಪ್ರಾರ್ಥನಾಲಯಗಳೆಲ್ಲ ಮುಚ್ಚಿದಾಗ ಇಗರ್ಜಿಯಿಲ್ಲದ ಸಭೆಯು ಮತ್ತೊಮ್ಮೆ ಮನೆಗಳಿಗೆ ಮರಳಿತು.

ವರ್ಷದಲ್ಲಿ ಒಂದು ದಿನವಾದರೂ ಚದುರಿದವರೆಲ್ಲ ಒಂದೇ ಎಲೆಗೆ ಕೂಡುವ ಪದ್ಧತಿಯೊಂದು ಇಂದಿಗೂ ಉಳಿದಿದೆ. ಸಪ್ಟೆಂಬರ 8ರಂದು, ಮರಿಯಮ್ಮನವರ ಜನ್ಮದಿನದಂದು, ಮೊಂತಿ ಫೆಸ್ತ್, ಕನ್ನಡದಲ್ಲಿ ತೆನೆಹಬ್ಬ. ಫರಂಗಿಪೇಟೆಯ ಮೊಂತ್ ಮರಿಯಾನೊ ಇಗರ್ಜಿಯಲ್ಲಿ ಇದರ ಆರಂಭವಾಯಿತೆಂದು ಪ್ರತೀತಿ. ಒಂಬತ್ತು ದಿನ ಮುಂಚಿನಿಂದ ಮಕ್ಕಳು ಬುಟ್ಟಿಗಳಲ್ಲಿ ಹೂವು ತಂದು, ಹಾಡುತ್ತ ಮಾತೆಯ ಪ್ರತಿಮೆಗೆ ಎರಚುವರು. ಹಬ್ಬದ ದಿನ ಹೊಸ ಭತ್ತದ ತೆನೆಗಳನ್ನು ಪಾದ್ರಿಗಳು ಆಶೀರ್ವದಿಸಿ ಮನೆಗೊಂದಷ್ಟು ಹಂಚುವರು. ಮಕ್ಕಳ ಕೈಗೆ ಕಬ್ಬು. ಇದೇ ಕಾಲದಲ್ಲಿ ನೆರೆಯ ತುಳುವರ ಮನೆಗಳಲ್ಲಿಯೂ ಕದಿರು ಕಟ್ಟಿ ಹೊಸ ಅಕ್ಕಿಯ ಊಟವನ್ನು ಮಾಡುವರಾದುದರಿಂದ, ಒಂದೇ ಬಯಲಿನ ಬೆಳೆಯು ಎರಡು ಬಗೆಯ ಪ್ರಾರ್ಥನೆಗಳಿಗೆ ಹೋಗುವುದು.

ತೆನೆಯು ಮನೆಗೆ ಬಂದ ಮೇಲೆ ಹಿರಿಯನು ಅದನ್ನು ಅಲ್ತಾರಿನಲ್ಲಿಟ್ಟು, ಕಾಳುಗಳನ್ನು ಸುಲಿದು, ಅರೆದು, ತೆಂಗಿನ ಹಾಲಿಗೋ ಪಾಯಸಕ್ಕೋ ಬೆರೆಸುವನು. ಮೀನಿಲ್ಲದೆ ಉಣ್ಣದ ಮನೆಯಲ್ಲಿ ಅಂದು ಮೀನಿಲ್ಲ. ಕೆಸುವಿನ ದಂಟು, ಬೆಂಡೆ, ಹೀರೆ ಮೊದಲಾಗಿ ಬೆಸಸಂಖ್ಯೆಯ ತರಕಾರಿಗಳ ಅಡಿಗೆ, ಬಾಳೆಯೆಲೆಯ ಊಟ. ಒಡೆದು ಬೇರೆಯಾದ ಅಣ್ಣತಮ್ಮಂದಿರೂ ಅಂದು ಮೂಲಮನೆಗೆ ಬರಬೇಕೆಂಬುದು ಕಟ್ಟಳೆ. ಹೊಸ ಅಕ್ಕಿಯನ್ನು ಹಿರಿಯರಿಂದ ಕಿರಿಯರಿಗೆ ಪ್ರಾಯದ ಕ್ರಮದಲ್ಲಿ ಕೊಡುವರು. ಬರಲಾಗದವರ ಪಾಲನ್ನು ಮರೆಯುವುದಿಲ್ಲ: ಆಶೀರ್ವದಿಸಿದ ತೆನೆಯಿಂದ ಕೆಲವು ಕಾಳುಗಳನ್ನು ಬಿಡಿಸಿ, ಕಾಗದದಲ್ಲಿ ಮಡಿಸಿ, ಲಕೋಟೆಯೊಳಗಿಟ್ಟು ಅಂಚೆಗೆ ಹಾಕುವರು. ಶಿರ್ವದ ಬಯಲಿನ ಭತ್ತವು ಹೀಗೆ ಮುಂಬಯಿಯ ಕೋಣೆಗಳನ್ನೂ ಕುವೈತಿನ ಬಿಡಾರಗಳನ್ನೂ ಸೇರುತ್ತದೆ. ಅಲ್ಲಿ ಅದನ್ನು ಪುಡಿಮಾಡಿ, ತೆಂಗಿನ ಹಾಲು ಸಿಕ್ಕಿದರೆ ಅದಕ್ಕೆ, ಸಿಕ್ಕದಿದ್ದರೆ ಅಂಗಡಿಯ ಹಾಲಿಗೆ ಬೆರೆಸಿ, ಕೋಣೆಯಲ್ಲಿದ್ದ ಊರವರೆಲ್ಲ ಹಂಚಿಕೊಂಡು ಕುಡಿಯುವರು.